ಏಯ್ಟ್ ಮೈಲ್ ರಸ್ತೆಯ ಈಚೆ ಕೂತವರ ಲೆಕ್ಕ

ಅಮೆರಿಕದ ಊರುಗಳ ಜನಸಂಖ್ಯೆಯ ಓಟದ ವಿಡಿಯೋ ಒಂದು ಗುಂಪಿಂದ ಗುಂಪಿಗೆ ಹಾರಿ ಇವತ್ತು ನನ್ನ ಫೋನಿಗೂ ಬಂತು. ನೋಡಿರ್ತೀರಿ, ಬಣ್ಣಬಣ್ಣದ ಪಟ್ಟಿಗಳು, ಹಿಂದೆ ದಂಡು ಹೊರಟ ಹಾಗೆ ಸಂಗೀತ, ಮೂಲೆಯಲ್ಲಿ ಗಿರಗಿರ ಓಡುವ ಇಸವಿ. 1950ರಲ್ಲಿ ಐದನೇ ಸ್ಥಾನದಲ್ಲಿದ್ದ ಡೆಟ್ರಾಯಿಟ್ ಕುಗ್ಗಿ ಕುಗ್ಗಿ ಕೊನೆಗೆ ಪರದೆಯಿಂದಲೇ ಮಾಯ. ಹ್ಯೂಸ್ಟನ್ ಕೆಳಗಿಂದ ನುಗ್ಗಿ ನಾಲ್ಕಕ್ಕೆ ಬಂದು ಕೂರುತ್ತೆ. 2020ರಲ್ಲಿ ಐದನೇ ಜಾಗ ಫೀನಿಕ್ಸ್‌ಗೆ. ಕಳಿಸಿದವನು ಹ್ಯೂಸ್ಟನ್ನಿನ ನಮ್ಮ ಗೆಳೆಯ. ಹೆಸರು ಬೇಡ, ಇಲ್ಲೇ ಓದ್ತಾ ಇರ್ತಾನೆ. ಜೊತೆಗೊಂದು ಸಾಲು: "ಆ ಸತ್ತ ಊರಲ್ಲಿ ಇನ್ನೂ ಎಷ್ಟು ದಿನ ಇರ್ತೀಯೋ ಮಾರಾಯ?"

ಗೆಳೆಯಾ, ನೀನಿರೋದು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ. ಅದಕ್ಕೆ ಅದರದೇ ಮೇಯರ್, ಅದರದೇ ಪೊಲೀಸ್. ಹ್ಯೂಸ್ಟನ್ನಿನ ಆ 23 ಲಕ್ಷದಲ್ಲಿ ನಿನ್ನ ತಲೆ ಎಣಿಸಿಯೇ ಇಲ್ಲ. ನಾನಿರೋದು ಡೆಟ್ರಾಯಿಟ್ ಹೊರಗಿನ ನೋವಿಯಲ್ಲಿ. ಡೆಟ್ರಾಯಿಟ್ಟಿನ 6 ಲಕ್ಷ 39 ಸಾವಿರದಲ್ಲಿ ನಾನೂ ಇಲ್ಲ. ಇಬ್ಬರೂ ಊರ ಹೊರಗೆ ನಿಂತು ಊರಿನ ಬಗ್ಗೆ ಜಗಳ ಆಡ್ತಿದ್ದೇವೆ. ನನಗೆ ಕೆರಳೋದು ಇದೇ. ಈ ವಿಡಿಯೋಗಳು ಎಣಿಸೋದು ಜನರನ್ನಲ್ಲ, ಗೆರೆಯ ಒಳಗಿರೋರನ್ನು. ಗೆರೆ ಎಲ್ಲಿ ಬಿತ್ತು, ಯಾಕೆ ಬಿತ್ತು ಅಂತ ಒಬ್ಬನೂ ಕೇಳಲ್ಲ.

ಹ್ಯೂಸ್ಟನ್ 1950ರಲ್ಲಿ ಸುಮಾರು 160 ಚದರ ಮೈಲಿ ಇತ್ತು. ಈಗ 640. ಟೆಕ್ಸಸ್ ಕಾನೂನು ಹೇಗಿತ್ತು ಅಂದ್ರೆ ದೊಡ್ಡ ಊರು ಪಕ್ಕದ ಬಡಾವಣೆಯನ್ನು ಅಲ್ಲಿಯವರ ಒಪ್ಪಿಗೆ ಇಲ್ಲದೆಯೇ ಸೇರಿಸಿಕೊಳ್ಳಬಹುದಿತ್ತು. 1996ರಲ್ಲಿ ಕಿಂಗ್‌ವುಡ್ ಜನ ಬೇಡವೇ ಬೇಡ ಅಂತ ಬೊಬ್ಬೆ ಹೊಡೆದರೂ ಹ್ಯೂಸ್ಟನ್ ಸೇರಿಸಿಕೊಂಡಿತು. ಫೀನಿಕ್ಸ್ ಇನ್ನೂ ಮಜಾ. 1950ರಲ್ಲಿ 17 ಚದರ ಮೈಲಿ, ಒಂದು ಲಕ್ಷ ಚಿಲ್ಲರೆ ಜನ. ಈಗ 500 ಚದರ ಮೈಲಿಗೂ ಮೇಲೆ, 16 ಲಕ್ಷ. ಡೆಟ್ರಾಯಿಟ್? 1926ರ ನಂತರ ಒಂದು ಗೇಣು ನೆಲ ಸೇರಿಸಿಕೊಂಡಿಲ್ಲ. 139 ಚದರ ಮೈಲಿ, ಅಷ್ಟೇ. ಡೆಟ್ರಾಯಿಟ್ ಇರೋ ಮಿಷಿಗನ್ ರಾಜ್ಯದಲ್ಲಿ ಪಕ್ಕದ ಬಡಾವಣೆಗಳು ತಾವೇ ಊರು ಅಂತ ಘೋಷಿಸಿಕೊಂಡು ಬೇಲಿ ಹಾಕಿಕೊಳ್ಳೋದು ಸಲೀಸಾಗಿತ್ತು. ಹಾಕಿಕೊಂಡವು. ಫೋರ್ಡ್ ಕಂಪನಿಯ ಮುಖ್ಯ ಕಚೇರಿ ಇರೋದು ಡಿಯರ್‌ಬಾರ್ನ್‌ನಲ್ಲಿ, ಡೆಟ್ರಾಯಿಟ್ಟಿನಲ್ಲಲ್ಲ. 1913ರಲ್ಲಿ ಫೋರ್ಡಿನ ಚಲಿಸುವ ಅಸೆಂಬ್ಲಿ ಲೈನ್ ಶುರುವಾದ ಹೈಲ್ಯಾಂಡ್ ಪಾರ್ಕ್ ಸುತ್ತಲೂ ಹೆಚ್ಚುಕಮ್ಮಿ ಡೆಟ್ರಾಯಿಟ್ಟೇ ಇದೆ, ಆದರೂ ಅದು ಬೇರೆ ಊರು!

ಜ್ಯಾಕ್ಸನ್‌ವಿಲ್ 1968ರಲ್ಲಿ ತನ್ನ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಜೊತೆ ಒಂದಾಗಿ ರಾತ್ರೋರಾತ್ರಿ ದೊಡ್ಡ ಊರಾಯಿತು. ಅದಕ್ಕೇ ಇವತ್ತು ಪಟ್ಟಿಯಲ್ಲಿ ಅದು ಸ್ಯಾನ್ ಫ್ರಾನ್ಸಿಸ್ಕೋಗಿಂತ ಮೇಲಿದೆ. ಜ್ಯಾಕ್ಸನ್‌ವಿಲ್ ದೊಡ್ಡದೋ ಸ್ಯಾನ್ ಫ್ರಾನ್ಸಿಸ್ಕೋ ದೊಡ್ಡದೋ, ನೀವೇ ಎದೆ ಮುಟ್ಟಿಕೊಂಡು ಹೇಳಿ. ಟೊರೊಂಟೊ 1996ರಲ್ಲಿ ಆರೂವರೆ ಲಕ್ಷ, 2001ರಲ್ಲಿ ಸುಮಾರು 25 ಲಕ್ಷ. ಐದು ವರ್ಷದಲ್ಲಿ ಅಷ್ಟೊಂದು ಮಕ್ಕಳು ಹುಟ್ಟಿದ್ದಲ್ಲ, 1998ರಲ್ಲಿ ಆರು ಪುರಸಭೆಗಳನ್ನು ಒಂದು ಮಾಡಿದ್ದು. ಅಟ್ಲಾಂಟಾ ನಗರದಲ್ಲಿ ಇರೋದು ಐದು ಲಕ್ಷ ಜನ, ಸುತ್ತಲಿನ ಕೌಂಟಿಗಳೂ ಸೇರಿದರೆ 60 ಲಕ್ಷ. "ಅಟ್ಲಾಂಟಾದಲ್ಲಿದ್ದೇವೆ" ಅನ್ನುವ ನಮ್ಮ ಕನ್ನಡದವರೆಲ್ಲ ಆಲ್ಫರೆಟ್ಟಾ, ಕಮಿಂಗ್ ಅಂತ ದೂರದೂರ ಕೂತಿದ್ದಾರೆ. ಇದೆಲ್ಲ ನಮ್ಮವರಿಗೆ ವಿವರಿಸಬೇಕಾ? 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದ್ದನ್ನು ಕಣ್ಣಾರೆ ಕಂಡವರೇ ಅಲ್ವಾ ನಾವು.

ಈಗ ಬರುತ್ತೆ ವಾದ: "ಸುತ್ತಲಿನದೆಲ್ಲ ಸೇರಿಸಿ ನೋಡಿದರೂ ನಿನ್ನ ಡೆಟ್ರಾಯಿಟ್ ಬೆಳೆದಿಲ್ಲವಲ್ಲ?" ಹೌದು ಸ್ವಾಮಿ, ಬೆಳೆದಿಲ್ಲ. 1970ರಲ್ಲಿ ಇಡೀ ಡೆಟ್ರಾಯಿಟ್ ಪ್ರದೇಶದಲ್ಲಿ ಸುಮಾರು 44 ಲಕ್ಷ ಜನ ಇದ್ದರು, 2020ರಲ್ಲೂ ಸುಮಾರು 44 ಲಕ್ಷ. ಹ್ಯೂಸ್ಟನ್ ಪ್ರದೇಶ 70 ಲಕ್ಷ ದಾಟಿದೆ. ಎಣ್ಣೆ, ಬಂದರು, ಏಸಿ, ರಾಜ್ಯದ ಆದಾಯ ತೆರಿಗೆ ಇಲ್ಲ, ಎಲ್ಲ ಒಪ್ಪಿದೆ. ಆದರೆ ನನ್ನ ಪ್ರಶ್ನೆಗೆ ಅದು ಉತ್ತರವೇ ಅಲ್ಲ. 44 ಲಕ್ಷ 44 ಲಕ್ಷವೇ ಆಗಿ ಉಳಿದಿದ್ದರೆ, ನಡುವಿನ ಊರು ಮಾತ್ರ ಆ ಐವತ್ತು ವರ್ಷದಲ್ಲಿ 15 ಲಕ್ಷದಿಂದ 6 ಲಕ್ಷಕ್ಕೆ ಹೇಗೆ ಇಳಿಯಿತು? ಬೆಳೆಯದ ಪ್ರದೇಶಕ್ಕೂ ಸತ್ತ ಊರಿಗೂ ವ್ಯತ್ಯಾಸ ಇದೆಯೋ ಇಲ್ಲವೋ?

ಇನ್ನೊಂದು ಗುಂಪು ಇದೆ, ಎಲ್ಲಕ್ಕೂ ಭ್ರಷ್ಟಾಚಾರ ಅನ್ನೋರು. ಡೆಟ್ರಾಯಿಟ್ಟಿನ ಮೇಯರ್ ಆಗಿದ್ದ ಕ್ವಾಮೆ ಕಿಲ್‌ಪ್ಯಾಟ್ರಿಕ್‌ಗೆ 2013ರಲ್ಲಿ 28 ವರ್ಷ ಶಿಕ್ಷೆಯಾಯಿತು, ನಿಜ. ಆದರೆ ಆತ ಕುರ್ಚಿ ಮೇಲೆ ಕೂತದ್ದು 2002ರಲ್ಲಿ. ಅಷ್ಟರಲ್ಲಿ ಊರು ಸುಮಾರು ಒಂಬತ್ತು ಲಕ್ಷ ಜನರನ್ನು ಕಳಕೊಂಡಾಗಿತ್ತು. "1967ರ ಜನಾಂಗೀಯ ಗಲಭೆಯಿಂದ" ಅನ್ನೋರಿಗೂ ಅದೇ ಮಾತು. 1950ರಿಂದ 60ರ ಒಳಗೇ ಒಂದೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದರು. ಪ್ಯಾಕರ್ಡ್ ಕಾರು ಕಾರ್ಖಾನೆ ಬಾಗಿಲು ಹಾಕಿದ್ದು 1956ರಲ್ಲಿ. ವಾಟ್ಸಾಪ್ ಇತಿಹಾಸಕಾರರು ಇಸವಿಯನ್ನಾದರೂ ಒಮ್ಮೆ ನೋಡಬಾರದಾ?

ಗೆರೆ ಅಂದೆನಲ್ಲ, ಒಂದು ಕಡೆ ಅದು ಬರೀ ಗೆರೆಯಲ್ಲ, ಕಟ್ಟಿ ನಿಲ್ಲಿಸಿದ ಗೋಡೆ. ಏಯ್ಟ್ ಮೈಲ್ ರಸ್ತೆ ಡೆಟ್ರಾಯಿಟ್ಟಿನ ಉತ್ತರದ ಗಡಿ. ಅದರ ದಕ್ಷಿಣಕ್ಕೆ, ಊರೊಳಗೇ, 1941ರಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗೆ ಅಂತ ಲೇಔಟ್ ಮಾಡಲು ಹೊರಟ. ಪಕ್ಕದಲ್ಲೇ ಕಪ್ಪು ಜನರ ಮನೆಗಳು ಇದ್ದದ್ದರಿಂದ ಫೆಡರಲ್ ವಸತಿ ಇಲಾಖೆ ಸಾಲಕ್ಕೆ ಖಾತರಿ ಕೊಡಲು ಒಪ್ಪಲಿಲ್ಲ. ಆತ ನಡುವೆ ಆರಡಿ ಎತ್ತರದ, ಸುಮಾರು ಅರ್ಧ ಮೈಲಿ ಉದ್ದದ ಗೋಡೆ ಎಬ್ಬಿಸಿದ. ಖಾತರಿ ಸಿಕ್ಕಿತು. ಸರ್ಕಾರವೇ ಹೀಗೆ! ಗೋಡೆ ಇವತ್ತಿಗೂ ಇದೆ, ಒಂದು ಭಾಗದ ಮೇಲೆ ಚಂದದ ಚಿತ್ರ ಬರೆದಿದ್ದಾರೆ. ಯಾರಾದರೂ ಬಂದರೆ ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಬಹಳ ಜನಕ್ಕೆ ಅದಕ್ಕಿಂತ ಔಟ್‌ಲೆಟ್ ಮಾಲ್ ನೋಡುವ ಅವಸರ.

ಆಮೇಲೆ ಹೆದ್ದಾರಿಗಳು ಬಂದವು. ಬ್ಲ್ಯಾಕ್ ಬಾಟಮ್ ಅನ್ನುವ ಕಪ್ಪು ಜನರ ಇಡೀ ಕೇರಿಯನ್ನು ನೆಲಸಮ ಮಾಡಿ, ಪಕ್ಕದ ಪ್ಯಾರಡೈಸ್ ವ್ಯಾಲಿಯ ಅಂಗಡಿ, ಸಂಗೀತದ ಕ್ಲಬ್ಬುಗಳನ್ನು ಒಡೆದು ಕ್ರೈಸ್ಲರ್ ಫ್ರೀವೇ ಹಾಕಿದರು. ಬಿಳಿಯರು ಅದೇ ಥರದ ರಸ್ತೆಗಳಲ್ಲಿ ಆಚೆ ಹೋದರು. 1974ರಲ್ಲಿ ಮಿಲಿಕೆನ್ ವಿರುದ್ಧ ಬ್ರಾಡ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಐದಕ್ಕೆ ನಾಲ್ಕು ಮತದಲ್ಲಿ, ಡೆಟ್ರಾಯಿಟ್ ಶಾಲೆಗಳಲ್ಲಿನ ಕಪ್ಪು-ಬಿಳಿ ಪ್ರತ್ಯೇಕತೆ ಸರಿಪಡಿಸುವ ಯೋಜನೆಗೆ ಹೊರಗಿನ ಊರುಗಳ ಶಾಲೆಗಳನ್ನು ಎಳೆಯುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಅಂದರೆ ಏಯ್ಟ್ ಮೈಲ್ ದಾಟಿ ಮನೆ ತಗೊಂಡರೆ ಸಾಕು, ನೀವು ಬಚಾವ್. ಅದಕ್ಕಿಂತ ಒಳ್ಳೆಯ ರಿಯಲ್ ಎಸ್ಟೇಟ್ ಜಾಹೀರಾತು ಬೇಕೇ?

ಮಕ್ಕಳು ಗದ್ದೆ ತೋಟ ಭಾಗ ಮಾಡಿಕೊಂಡು, ಸಾಲವನ್ನು ಮಾತ್ರ ಹಳೇ ಮನೆಯಲ್ಲಿ ಕೂತ ಅಪ್ಪನ ಹೆಸರಲ್ಲೇ ಬಿಟ್ಟು, ಆಮೇಲೆ ಅಪ್ಪನಿಗೆ ಸಂಸಾರ ನಡೆಸೋಕೆ ಬರಲ್ಲ ಅಂದರೆ ಹೇಗಿರುತ್ತೆ? 2013ರ ಜುಲೈನಲ್ಲಿ ಡೆಟ್ರಾಯಿಟ್ ದಿವಾಳಿ ಅರ್ಜಿ ಹಾಕಿದಾಗ ಲೆಕ್ಕದಲ್ಲಿದ್ದ ಸಾಲದ ಹೊರೆ ಸುಮಾರು 18 ಬಿಲಿಯನ್ ಡಾಲರ್. 18 ಲಕ್ಷ ಜನ ಇದ್ದಾಗ ಹಾಕಿದ ಪೈಪು, ರಸ್ತೆ, ನಿವೃತ್ತ ನೌಕರರ ಪಿಂಚಣಿ, ಎಲ್ಲ ಉಳಿದ 7 ಲಕ್ಷ ಜನರ ತಲೆ ಮೇಲೆ. ಊರೊಳಗೆ ಇರೋರಿಗೆ ನಗರದ ಆದಾಯ ತೆರಿಗೆ ಶೇ 2.4, ಹೊರಗಿಂದ ಬಂದು ಕೆಲಸ ಮಾಡೋರಿಗೆ ಅದರರ್ಧ. ನಾನಂತೂ ಅದನ್ನೂ ಕಟ್ಟಲ್ಲ, ನಮ್ಮ ಪ್ಲಾಂಟೂ ಗೆರೆಯ ಆಚೆ ಇದೆ.

ಹೇಳೇ ಬಿಡ್ತೀನಿ. ನಾವು ನೋವಿಯಲ್ಲಿ ಮನೆ ತಗೊಂಡದ್ದು ಶಾಲೆ ನೋಡಿಯೇ. ಡೆಟ್ರಾಯಿಟ್ಟಿನ ಒಂದೇ ಒಂದು ಮನೆಯನ್ನೂ ನೋಡಲು ಹೋಗಲಿಲ್ಲ. ಏಜೆಂಟಮ್ಮ ಆ ಹೆಸರೇ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಅದರ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ, ಮಗಳು ಚೆನ್ನಾಗಿ ಓದಿದಳು, ಅಷ್ಟೇ ಬೇಕಿತ್ತು. ಆದರೆ ಟ್ರಾಯ್, ಕ್ಯಾಂಟನ್, ನೋವಿಯಲ್ಲಿ ಕೂತು, ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಒಬ್ಬಟ್ಟು ಮುರಿಯುತ್ತಾ "ಆ ಜನಕ್ಕೆ ಊರು ಇಟ್ಟುಕೊಳ್ಳೋಕೆ ಗೊತ್ತಾಗಲಿಲ್ಲ" ಅನ್ನೋದನ್ನು ಕೇಳಿದಾಗ ಮೈ ಉರಿಯುತ್ತೆ. ಭಾರತದಲ್ಲಿ ನೆಂಟರು ಕೇಳಿದರೆ ಎಲ್ಲರೂ "ಡೆಟ್ರಾಯಿಟ್ಟಿನಲ್ಲಿದ್ದೇವೆ" ಅಂತೀವಿ. ತೆರಿಗೆಯ ಮಾತು ಬಂದಾಗ ಮಾತ್ರ ನಮ್ಮದು ಬೇರೆ ಊರು.

ಬಸ್ಸಿನ ಕಥೆ ಕೇಳಿ. 2016ರಲ್ಲಿ ನಾಲ್ಕು ಕೌಂಟಿ ಸೇರಿ ಸಾರಿಗೆಗೆ ಒಂದು ತೆರಿಗೆ ಹಾಕಿಕೊಳ್ಳೋಣ ಅಂತ ಮತಕ್ಕೆ ಇಟ್ಟರು, ಕೂದಲೆಳೆಯಲ್ಲಿ ಸೋತಿತು. ಅದಕ್ಕೂ ಮೊದಲಿಂದ ಸಬರ್ಬಿನ ಬಸ್ಸು ವ್ಯವಸ್ಥೆಗೆ ನಾವು ಸೇರಲ್ಲ ಅಂತ ಹೊರಗುಳಿಯುವ ಅವಕಾಶ ಊರುಗಳಿಗಿತ್ತು. ಲಿವೋನಿಯಾ ಹೊರಗುಳಿಯಿತು, ನಮ್ಮ ನೋವಿಯೂ. ಬಸ್ಸು ಬಂದರೆ ಯಾರು ಬರ್ತಾರೋ ಅನ್ನುವ ಭಯ, ಬಾಯಿ ಬಿಟ್ಟು ಯಾರೂ ಹೇಳಲ್ಲ. 2022ರಲ್ಲಿ ಓಕ್‌ಲ್ಯಾಂಡ್ ಕೌಂಟಿಯಿಡೀ ಮತ ಹಾಕಿದ ಮೇಲೆ ನಮ್ಮಲ್ಲಿ ಆ ಆಟ ನಿಂತಿತು. ನಾನು ಪರವಾಗಿ ಹಾಕಿದೆ. ಪಕ್ಕದ ಮನೆಯವರು, ನಮ್ಮವರೇ, ತಿಂಗಳುಗಟ್ಟಲೆ ಮುಖ ಗಂಟು ಹಾಕಿಕೊಂಡು ಓಡಾಡಿದರು.

2024ರಲ್ಲಿ ಇನ್ನೊಂದು ಸುದ್ದಿ ಬಂತು. ಡೆಟ್ರಾಯಿಟ್ ಜನಸಂಖ್ಯೆ ಹಿಂದಿನ ವರ್ಷ ಏರಿದೆ, 1957ರ ನಂತರ ಇದೇ ಮೊದಲು ಅಂತ. ಏರಿದ್ದು ಎಷ್ಟು? 1,852 ಜನ. ನಮ್ಮ ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ, ಫೋರ್ಡ್ ಕಂಪನಿ ರಿಪೇರಿ ಮಾಡಿಸಿದ ಹಳೇ ಮಿಷಿಗನ್ ಸೆಂಟ್ರಲ್ ಸ್ಟೇಷನ್ನಿನ ಮುಂದೆ ಸೆಲ್ಫಿಯೋ ಸೆಲ್ಫಿ. ಚಪ್ಪಾಳೆ ತಟ್ಟಿದವರಲ್ಲಿ ಆ 1,852ಕ್ಕೆ ಸೇರಿದವರು ಒಬ್ಬರಾದರೂ ಇದ್ದರೆ ತೋರಿಸಿ, ಅವರ ಮನೆಗೆ ಹೋಗಿ ಕಾಫಿ ಕುಡಿದು ಬರ್ತೀನಿ.

ಸಾಕು, ನಾಳೆ ಬೆಳಿಗ್ಗೆ ಪ್ಲಾಂಟಿಗೆ ಬೇಗ ಹೋಗಬೇಕು. ಕಾಮೆಂಟಿನಲ್ಲಿ ಜಗಳಕ್ಕೆ ಬರೋರು ದಯವಿಟ್ಟು ಮೊದಲು ನಿಮ್ಮ ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ತೆಗೆದು, ಮೇಲೆ ಯಾವ ಊರಿನ ಹೆಸರು ಅಚ್ಚಾಗಿದೆ ಅಂತ ನೋಡಿಕೊಂಡು ಬನ್ನಿ.