ಬಾಣಂತನ ಮುಗಿದೇಹೋಯ್ತು, ದುಡ್ಡು ಇನ್ನೂ ಬಂದಿಲ್ಲ

ನನ್ನ ತಂಗಿಯ ಮಗುವಿಗೆ ಈಗ ಎಂಟು ತಿಂಗಳು. ಅಂಬೆಗಾಲಿಡುತ್ತಿದೆ. ಬಸುರಿ, ಬಾಣಂತಿಯರಿಗೆ ಕೇಂದ್ರ ಸರ್ಕಾರ ದುಡ್ಡು ಕೊಡುವ ಮಾತೃವಂದನಾ ಯೋಜನೆಯಲ್ಲಿ ಅವಳಿಗೆ ಬರಬೇಕಾದ 5,000 ರೂಪಾಯಿಯಲ್ಲಿ ಒಂದು ರೂಪಾಯಿಯೂ ಕೈಗೆ ಸಿಕ್ಕಿಲ್ಲ. ಇವತ್ತೂ ಬ್ಯಾಂಕಿನಿಂದ ಬರಿಗೈಯಲ್ಲಿ ಬಂದೆವು. ಎಲ್ಲಾದರೂ ಹೇಳಿಕೊಳ್ಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ತಂಗಿ ಊದುಬತ್ತಿ ಹೊಸೆಯುತ್ತಿದ್ದಳು. ಗಂಡನದು ಪೇಂಟಿಂಗ್ ಕೆಲಸ, ಅದೂ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆರನೇ ತಿಂಗಳಲ್ಲಿ ಸೊಂಟ ನೋವು ಜಾಸ್ತಿಯಾಗಿ ಕೂರಲು ಆಗದೆ ಕೆಲಸ ಬಿಟ್ಟಳು. ಹೀಗೆ ಕೂಲಿ ತಪ್ಪಿದವರಿಗೆ ಅಂತಲೇ ಈ ಯೋಜನೆ ಇರುವುದು. ಮೊದಲ ಮಗುವಾದರೆ, ಬಸುರಿ ಇದ್ದಾಗ ಹೆಸರು ಬರೆಸಿ ಒಂದು ತಪಾಸಣೆ ಆದರೆ 3,000. ಹೆರಿಗೆಯಾಗಿ, ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಮುಗಿದರೆ 2,000. ಎಲ್ಲವನ್ನೂ ಅವಳು ಮಾಡಿದ್ದಾಳೆ. ತಾಯಿ ಕಾರ್ಡ್ ತೆಗೆದು ನೋಡಿ, ಒಂದು ಸೂಜಿಯೂ ತಪ್ಪಿಲ್ಲ.

ಹೆಸರು ಬರೆಸಿದ್ದು ಗಂಡನ ಊರಿನ ಅಂಗನವಾಡಿಯಲ್ಲಿ. ಏಳನೇ ತಿಂಗಳಿಗೆ ಸೀಮಂತ ಮಾಡಿ ತವರಿಗೆ ಕರೆದುಕೊಂಡು ಬಂದೆವು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ಇವತ್ತು ನಿನ್ನೆಯ ಪದ್ಧತಿಯಾ? ಆದರೂ ಒಂದೊಂದು ಕಾಗದಕ್ಕೂ "ಅಲ್ಲೇ ಹೋಗಿ ಕೇಳಿ" ಅಂತಾರೆ. ಎರಡು ಬಸ್ ಬದಲಾಯಿಸಬೇಕು. ಅಂಗನವಾಡಿ ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಸಿಗ್ನಲ್ ಇಲ್ಲದ ಊರಲ್ಲಿ ಮೊಬೈಲ್ ಹಿಡಿದುಕೊಂಡು ಆಯಮ್ಮ ಎಷ್ಟು ಅಂತ ಒದ್ದಾಡಬೇಕು?

ಕೊನೆಗೆ ಗೊತ್ತಾಗಿದ್ದು ಏನು ಅಂದರೆ, ಮೊದಲ ಕಂತು ಯಾವತ್ತೋ ಮಂಜೂರಾಗಿದೆ. ಆದರೆ ನಾವು ಪಾಸ್‌ಬುಕ್ ಜೆರಾಕ್ಸ್ ಕೊಟ್ಟ ಖಾತೆಗೆ ಅಲ್ಲ. ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಆ ಖಾತೆಗೇ ಹಣ ಹೋಗುವುದಂತೆ. ತಂಗಿಯ ಆಧಾರ್, ಪಿಯುಸಿ ಓದುವಾಗ ಸ್ಕಾಲರ್‌ಶಿಪ್‌ಗೆ ಅಂತ ಮಾಡಿಸಿದ ಹಳೆ ಖಾತೆಗೆ ಜೋಡಣೆ ಆಗಿತ್ತು. ಅದು ಬಂದ್ ಆಗಿ ವರ್ಷಗಳಾಗಿವೆ. ಹಣ ಹಾಗೇ ವಾಪಸ್ ಹೋಗಿದೆ. ಹಾಗಾದರೆ ಪಾಸ್‌ಬುಕ್ ಜೆರಾಕ್ಸ್ ಇಸಿದುಕೊಂಡಿದ್ದು ಯಾಕೆ? ಈ ಮಾತನ್ನು ಮೊದಲ ದಿನವೇ ಹೇಳಬಹುದಿತ್ತು ಅಲ್ವಾ?

ಹಳೆ ಬ್ಯಾಂಕಿಗೆ ಹೋದರೆ ಹೊಸ ಬ್ಯಾಂಕಿಗೆ ಹೋಗಿ ಅಂದರು. ಹೊಸ ಬ್ಯಾಂಕಿನಲ್ಲಿ "ಏನಮ್ಮಾ, ಖಾತೆ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು" ಅಂದರು. ಎರಡು ತಿಂಗಳ ಬಾಣಂತಿ. ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ, ಹಸುಗೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಬಾಣಂತಿ ಹೊರಗೆ ಗಾಳಿಗೆ ಹೋಗಬಾರದು ಅಂತ ಅಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಹೆಬ್ಬೆಟ್ಟು ಒತ್ತಿಸಿಕೊಂಡು "ಒಂದು ವಾರ ಬಿಟ್ಟು ಬನ್ನಿ" ಅಂದರು. ಆ ಒಂದು ವಾರ ಇನ್ನೂ ಮುಗಿದಿಲ್ಲ.

ಅಷ್ಟರಲ್ಲಿ ಬಾಣಂತನ ಹೇಗೆ ನಡೆಯಿತು ಅಂತ ಕೇಳಿ. ಅಮ್ಮ ಸಂಘದಲ್ಲಿ ಸಾಲ ತೆಗೆದಳು. ಅಂಟಿನುಂಡೆಗೆ ಕೊಬ್ಬರಿ, ಅಂಟು, ತುಪ್ಪ, ಬೆಳ್ಳುಳ್ಳಿ, ಮೆಣಸು ಎಲ್ಲ ಆ ಸಾಲದಲ್ಲೇ. ಸಂಘದ ವಾರದ ಕಂತು ಒಂದು ದಿನವೂ ತಪ್ಪುವ ಹಾಗಿಲ್ಲ. ಸರ್ಕಾರದ ಕಂತು ಮಾತ್ರ ಯಾವಾಗ ಬೇಕಾದರೂ ಬರಬಹುದು, ಬರದೇ ಇರಲೂಬಹುದು.

ಇನ್ನೊಂದು ವಿಷಯ ನನ್ನ ಹೊಟ್ಟೆ ಉರಿಸುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ 6,000ಕ್ಕಿಂತ ಕಡಿಮೆ ಇಲ್ಲದಂತೆ ಕೊಡಬೇಕು ಅಂತ ಬರೆದಿದೆ. ಸರ್ಕಾರಿ ನೌಕರಿಯಲ್ಲಿ ಇರುವವರನ್ನು, ಬೇರೆ ಕಾಯ್ದೆಯಲ್ಲಿ ಇಂಥದೇ ಸೌಲಭ್ಯ ಸಿಗುವವರನ್ನು ಬಿಟ್ಟರೆ ಎಲ್ಲರಿಗೂ. 2017ರಲ್ಲಿ ಯೋಜನೆ ಬಂದಾಗ ಅದನ್ನು 5,000 ಮಾಡಿದರು. ಉಳಿದದ್ದು ಆಸ್ಪತ್ರೆಯಲ್ಲಿ ಹೆರಿಗೆ ಆದವರಿಗೆ ದುಡ್ಡು ಕೊಡುವ ಜನನಿ ಸುರಕ್ಷಾ ಯೋಜನೆಯಲ್ಲಿ ಸಿಗುತ್ತದೆ ಅಂದರು. ನಮ್ಮ ರಾಜ್ಯದಲ್ಲಿ ಅದು ಹಳ್ಳಿಯ ಬಡವರಿಗೆ 700, ಪೇಟೆಯವರಿಗೆ 600. ಕೂಡಿಸಿ ನೋಡಿ, 6,000 ಆಗುತ್ತಾ? ಮೇಲಾಗಿ 2017ರ 5,000 ಇವತ್ತಿಗೂ ಅದೇ 5,000. ಕೊಬ್ಬರಿ ರೇಟು ಅಲ್ಲೇ ನಿಂತಿದೆಯಾ?

ಎರಡನೇ ಮಗು ಹೆಣ್ಣಾದರೆ ಮಾತ್ರ 6,000. ಹೆಣ್ಣು ಮಗು ಬರಲಿ ಅನ್ನುವುದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಎರಡನೆಯದು ಗಂಡಾದರೆ ಆ ತಾಯಿಗೆ ಏನೂ ಇಲ್ಲ. ಅವಳು ಹೆತ್ತಿಲ್ವಾ? ಅವಳ ಕೂಲಿ ತಪ್ಪಿಲ್ವಾ? ಎದೆಹಾಲು ಕುಡಿಸುವವಳಿಗೆ ಹಸಿವು ಕಡಿಮೆ ಆಗುತ್ತಾ?

ತಂಗಿ ಹೋದ ತಿಂಗಳಿಂದ ಮತ್ತೆ ಊದುಬತ್ತಿ ಹೊಸೆಯುತ್ತಿದ್ದಾಳೆ. ಮಗು ಆ ಕಪ್ಪು ಹಿಟ್ಟಿಗೆ ಕೈ ಹಾಕುತ್ತದೆ ಅಂತ ಸೀರೆ ಸೆರಗಿನಿಂದ ಮಂಚದ ಕಾಲಿಗೆ ಕಟ್ಟಿ ಕೂರಿಸುತ್ತಾಳೆ. ಸೋಮವಾರ ಮತ್ತೆ ಬ್ಯಾಂಕಿಗೆ ಬರಲು ಹೇಳಿದ್ದಾರೆ. ಅವಳು ಬಂದರೆ ಆ ದಿನದ ಕೂಲಿಯೂ ಹೋಯಿತು.