ಮಿರಜ್‌ನ ಬಡ ಓಣಿಗಳಿಗೆ ಉಚಿತ ಸಂಗೀತ ಶಾಲೆ ಬೇಕೇ?

ಪರ

ಕನ್ನಡಿಗರು ಮಹಾರಾಷ್ಟ್ರದ ಮಿರಜ್‌ಗೆ ಬರುವುದು ಜಾಸ್ತಿ ಆಸ್ಪತ್ರೆಗೇ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಬರುತ್ತಾರೆ. ಹಿಂದೂಸ್ತಾನಿ ಗಾಯಕ ವಿಷ್ಣು ದಿಗಂಬರ ಪಲುಸ್ಕರ್ ಕೂಡ ಹಾಗೇ ಬಂದವರು. ಹತ್ತಿರದ ಕುರುಂದವಾಡದ ಹುಡುಗ. ಪಟಾಕಿ ಸಿಡಿದು ಕಣ್ಣು ಕೆಟ್ಟಿತ್ತು. ಓದು ಇನ್ನು ಕಷ್ಟ ಅಂತ ಅವನನ್ನು ಬಾಳಕೃಷ್ಣಬುವಾ ಇಚಲಕರಂಜಿಕರ್ ಹತ್ತಿರ ಹಾಡು ಕಲಿಯಲು ಬಿಟ್ಟರು. ಮಿರಜ್ ಸಂಸ್ಥಾನದವರು ಆಸರೆಯಾದರು. ಅದೇ ಹುಡುಗ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ಮನೆತನಗಳ ಸೊತ್ತಾಗಿದ್ದ ಸಂಗೀತವನ್ನು ಶಾಲೆಯ ಪಾಠ ಮಾಡಿದ. ಈಗ ಸಂಸ್ಥಾನ ಇಲ್ಲ. ಆ ಖರ್ಚನ್ನು ಊರೇ ಹೊರಬೇಕು, ಇಷ್ಟೇ ನನ್ನ ವಾದ.

ದರ್ಗಾದ ಹತ್ತಿರ ಸಿತಾರ್ ಮಾಡುವವರ ಗಲ್ಲಿಗೆ ಹೋಗಿ ನೋಡಿ. ಒಣಗಿದ ಸೋರೆಬುರುಡೆಗಳ ರಾಶಿ, ಮರದ ಪುಡಿ, ಅರಗಿನ ವಾಸನೆ. ಇಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ (ಇದು ಈ ಊರಿನದೇ ಅನ್ನುವ ಜಿಐ ಗುರುತು) ಮಾನ್ಯತೆಯೂ ಬಂತು. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಮ್ ಖಾನ್ ನೆಲೆಸಿದ ಊರು ಇದು. ಉರುಸಿನಲ್ಲಿ ಅವರ ನೆನಪಿಗೆ ದೊಡ್ಡ ದೊಡ್ಡ ಗಾಯಕರು ಬಂದು ಹಾಡುತ್ತಾರೆ. ಆದರೆ ಅದೇ ಗಲ್ಲಿ ದಾಟಿ ಶಾಲೆಗೆ ಹೋಗುವ ಜೋಪಡಿಯ ಹುಡುಗಿ ಒಮ್ಮೆಯೂ ತಂತಿ ಮುಟ್ಟಿರುವುದಿಲ್ಲ. ದೀಪದ ಬುಡದಲ್ಲೇ ಕತ್ತಲು, ಅಲ್ವಾ?

ಸಂಗೀತ ಕಲಿತರೆ ಗಣಿತ ತಾನೇ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಹೇಳುವುದಿಲ್ಲ. ಗಣಿತ ಬರಬೇಕಾದರೆ ಗಣಿತವನ್ನೇ ಕಲಿಸಬೇಕು. ನಾನು ನೋಡಿದ್ದು ಬೇರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಹಾಗಾಗಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುವ ಮಕ್ಕಳು. ಅವರಿಗೆ ತೀನ್‌ತಾಳ ಹೇಳಿಕೊಡಿ. ಹದಿನಾರು ಮಾತ್ರೆ, ಅಂದರೆ ಹದಿನಾರು ಎಣಿಕೆ. ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ. ಒಂಬತ್ತು ಖಾಲಿ, ಅಲ್ಲಿ ಬರೀ ಕೈ ಬೀಸಬೇಕು, ಸದ್ದು ಬರಬಾರದು. ಮೊದಲ ವಾರ ಒಂಬತ್ತಕ್ಕೆ ಯಾರೋ ಒಬ್ಬ ಟಪ್ ಅಂತ ಹೊಡೆದೇ ಹೊಡೆಯುತ್ತಾನೆ. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ. ಶಾಲೆಯಲ್ಲಿ ತಪ್ಪಿದರೆ ಹೀಗೆ ನಗಲು ಆಗುವುದಿಲ್ಲ. ಆಮೇಲೆ ಎಲ್ಲರ ಕೈಯೂ ಒಟ್ಟಿಗೆ ತಡೆದು ನಿಲ್ಲುತ್ತದೆ. ಇದಕ್ಕೆ ಮರಾಠಿಯೂ ಬೇಡ, ಕನ್ನಡವೂ ಬೇಡ.

ದುಡ್ಡು ಎಲ್ಲಿಂದ ಅಂತೀರಾ? ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಿ. ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು. ಜನರ ಕಾಣಿಕೆ, ನಾಟಕ ಕಂಪನಿಯ ಗಳಿಕೆಯಲ್ಲಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಹಾಡು ಕಲಿಸಿದರು. ಹೆಸರಾಂತ ಗಾಯಕ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು.

ವಿರೋಧ

ಗದಗಿನ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡೋಣ. ಅಲ್ಲಿ ಮೊದಲು ಊಟ, ಮಲಗಲು ಜಾಗ, ಆಮೇಲೆ ರಾಗ. ಇಲ್ಲಿ ಕೊಡುತ್ತೇವೆ ಅನ್ನುವುದು ಸಂಜೆ ಒಂದು ಗಂಟೆ, ಒಂದು ಚಾಪೆ, ಒಂದು ಹಾರ್ಮೋನಿಯಂ. ಆ ಹೊತ್ತಿಗೆ ಓಣಿಯ ಹುಡುಗಿ ಎಲ್ಲಿರುತ್ತಾಳೆ? ಅವ್ವ ಆಸ್ಪತ್ರೆಯಲ್ಲಿ ಕಸ ಗುಡಿಸುವ ಪಾಳಿಯಲ್ಲಿ, ಇವಳು ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ನಲ್ಲಿ ಮುಂದೆ. ಕ್ಲಾಸಿಗೆ ಬರುವುದು ಮನೆಯಲ್ಲಿ ಸ್ವಲ್ಪ ಅನುಕೂಲ ಇರುವ ಮಗು.

ಇದು ನನ್ನ ಊಹೆ ಮಾತ್ರ ಅಲ್ಲ. ವೆನೆಜುವೆಲಾದಲ್ಲಿ 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೆಯು ಶುರು ಮಾಡಿದ ಎಲ್ ಸಿಸ್ತೆಮಾ, ಮಕ್ಕಳ ಆರ್ಕೆಸ್ಟ್ರಾಗಳಿಗೆ ಜಗತ್ತಿಗೇ ಮಾದರಿ ಅನ್ನಿಸಿಕೊಂಡದ್ದು. ಅದರ ಬಗ್ಗೆ ಇಂಟರ್-ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ ಅಧ್ಯಯನ 2017ರಲ್ಲಿ ಹೊರಬಂತು. ಸೇರಿದ ಮಕ್ಕಳಲ್ಲಿ ಬಡವರು ಸುಮಾರು ಶೇ 17, ಅವರು ಇರುವ ರಾಜ್ಯಗಳಲ್ಲಿ ಬಡತನ ಸುಮಾರು ಶೇ 46. ಸರ್ಕಾರದ ಹಣ ಹರಿದ ಕಡೆಯೇ ಹೀಗಾದರೆ, ವರ್ಗಣಿ ಎತ್ತಿ ನಡೆಸುವ ನಮ್ಮದು ಏನಾದೀತು?

ಇನ್ನೊಂದು ಮಾತು ನನಗೆ ಜಾಸ್ತಿ ಚುಚ್ಚುತ್ತದೆ. ಈ ಮಕ್ಕಳಿಗೆ ಸಂಗೀತವೇ ಇಲ್ಲ ಅಂದವರು ಯಾರು? ಕಡ್ಡಿಯಿಂದ ಬಡಿಯುವ ಚರ್ಮವಾದ್ಯ ಹಲಗಿ ಇದೆ, ಭಜನೆ ಇದೆ, ಮದುವೆ ಸೀಸನ್ನಿನಲ್ಲಿ ಬ್ಯಾಂಜೊ ಪಾರ್ಟಿ ಇದೆ. ಗಣಪತಿ ಹಬ್ಬದಲ್ಲಿ ಹಲಗಿ ಹಿಡಿದ ಹುಡುಗನ ಎಡಗೈಯ ತೆಳ್ಳಗಿನ ಕಡ್ಡಿ ಗಮನಿಸಿ. ಬಲಗೈಯ ಪೆಟ್ಟುಗಳ ನಡುವೆ ಅದು ಬಿಡದೆ ತಟಪಟ ಓಡುತ್ತಿರುತ್ತದೆ. ಅವನನ್ನು ಕರೆತಂದು ಕೂರಿಸಿ, ಪರೀಕ್ಷೆಗೆ ಸ ರಿ ಗ ಮ ಬಾಯಿಪಾಠ ಮಾಡಿಸಿದರೆ ಮೊದಲು ಕಲಿಯುವುದು ಏನು? ತನ್ನ ಓಣಿಯ ವಾದ್ಯ ಕೀಳು ಅನ್ನುವುದನ್ನು. ಹಲಗಿಗೆ ಜಾತಿಯ ಹೊರೆ ಮೊದಲೇ ಇದೆ. ಅದರ ಮೇಲೆ ಇದೊಂದು ಬೇಕಾ?

ಇನ್ನು ದುಡ್ಡು. ಪಲುಸ್ಕರ್ ಅವರೇ ಮುಂಬೈಯಲ್ಲಿ ಸಾಲ ಮಾಡಿ ಕಟ್ಟಿಸಿದ ಶಾಲೆಯ ಕಟ್ಟಡ ಹರಾಜಿಗೆ ಹೋಯಿತು. ನಮ್ಮ ಕಮಿಟಿಗಳ ಕಥೆ ಎಲ್ಲರಿಗೂ ಗೊತ್ತು. ಉದ್ಘಾಟನೆ, ಶಾಲು, ಫೋಟೊ. ಆಮೇಲೆ ಹಾರ್ಮೋನಿಯಂ ಬೀರುವಿನಲ್ಲಿ, ಬೀಗದ ಕೈ ಅಧ್ಯಕ್ಷರ ಜೇಬಿನಲ್ಲಿ. ಒಂದು ಮಳೆಗಾಲ ಕಳೆದರೆ ರೀಡುಗಳಿಗೆ ತುಕ್ಕು.

ಕೈಯಲ್ಲಿರುವ ಅಷ್ಟಿಷ್ಟು ದುಡ್ಡಿನಲ್ಲಿ ಸಂಜೆ ಮಕ್ಕಳಿಗೆ ತಿಂಡಿ ಕೊಡಿ. ಚಿಕ್ಕ ತಮ್ಮ ತಂಗಿಯರನ್ನೂ ಒಳಗೆ ಬಿಟ್ಟುಕೊಳ್ಳಿ. ಮರಾಠಿ, ಗಣಿತ ಹೇಳಿಕೊಡುವ, ಕನ್ನಡ ಬರುವ ಒಬ್ಬರನ್ನು ಸಂಬಳ ಕೊಟ್ಟು ಇಡಿ. ಹಾಡು ಬೇಕೇ ಬೇಕು ಅಂದರೆ ಓಣಿಯ ಹಲಗಿಯವನನ್ನೇ ಮೇಷ್ಟ್ರು ಮಾಡಿ, ಅವನಿಗೂ ಸಂಬಳ ಕೊಡಿ. ಅದಕ್ಕೆ ವರ್ಗಣಿ ಕೇಳಲು ಬಂದರೆ ಕೊಡುತ್ತೇನೆ. ಹಾರ್ಮೋನಿಯಂಗೆ ಕೊಡುವುದಿಲ್ಲ.