ಬಸ್ಸಿಗೆ ರೈಲಿನ ಸುದ್ದಿ ತಿಳಿದಿರಬೇಕು

ಸಾರಿಗೆಗೆ ಆಧುನಿಕ ತಂತ್ರಜ್ಞಾನ ಬಂದರೆ ದಟ್ಟಣೆಯೂ ಹೊಗೆಯೂ ತಾವಾಗಿಯೇ ಕಡಿಮೆಯಾಗುತ್ತವೆ ಎಂದು ನಂಬಿರುವವರು ಒಮ್ಮೆ ಮೈಸೂರಿನ ಅನುಭವವನ್ನು ನೋಡಬೇಕು. ಜಾಗತಿಕ ಪರಿಸರ ನಿಧಿ ಮತ್ತು ವಿಶ್ವಬ್ಯಾಂಕಿನ ನೆರವಿನಿಂದ ಕೆಎಸ್‌ಆರ್‌ಟಿಸಿ 2012ರ ಸುಮಾರಿಗೆ ಇಲ್ಲಿ ‘ಮಿತ್ರ’ ಎಂಬ ವ್ಯವಸ್ಥೆಯನ್ನು ಜಾರಿಗೆ ತಂದು, ಸುಮಾರು 500 ಬಸ್ಸುಗಳಿಗೆ ಜಿಪಿಎಸ್ ಅಳವಡಿಸಿ, ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆಂದು ತೋರಿಸುವ ಫಲಕಗಳನ್ನು ನೂರಕ್ಕೂ ಹೆಚ್ಚು ತಂಗುದಾಣಗಳಲ್ಲಿ ನಿಲ್ಲಿಸಿತು. 2017ರಲ್ಲಿ 450 ಸೈಕಲ್ಲುಗಳ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ಯೋಜನೆ ಬಂದಿತು. ಇವೆರಡರಲ್ಲೂ ನಮ್ಮ ಊರು ದೇಶದ ಇತರ ನಗರಗಳಿಗಿಂತ ಮುಂದಿತ್ತು. ಹೀಗಿದ್ದೂ ಮೈಸೂರು ರೈಲು ನಿಲ್ದಾಣದಿಂದ ಹೊರಬರುವ ಪ್ರಯಾಣಿಕರಲ್ಲಿ ಹೆಚ್ಚಿನವರು ಇಂದಿಗೂ ಮೊದಲು ಮಾಡುವ ಕೆಲಸ ಆಟೋದವರ ಜೊತೆ ಬಾಡಿಗೆ ಚೌಕಾಶಿ.

ಉಪಕರಣಗಳ ಕೊರತೆ ಇದಕ್ಕೆ ಕಾರಣವಲ್ಲ. ಬಸ್ಸು ಎಲ್ಲಿದೆಯೆಂದು ಬಸ್ಸಿನವರಿಗೆ ಗೊತ್ತು. ರೈಲು ಎಲ್ಲಿದೆಯೆಂಬುದು ರೈಲ್ವೆಗೆ ಇನ್ನೂ ಚೆನ್ನಾಗಿ ಗೊತ್ತು, ಏಕೆಂದರೆ ಇಸ್ರೊ ನೆರವಿನಿಂದ ಎಂಜಿನ್ನುಗಳಿಗೆ ಅಳವಡಿಸಿರುವ ಸಾಧನವು ಅರ್ಧ ನಿಮಿಷಕ್ಕೊಮ್ಮೆ ಸ್ಥಳವನ್ನು ತಿಳಿಸುತ್ತಿರುತ್ತದೆ. ಒಂದರ ಸುದ್ದಿ ಇನ್ನೊಂದಕ್ಕೆ ತಲುಪುವುದಿಲ್ಲ, ಅಷ್ಟೆ. ರಾತ್ರಿ ಬರಬೇಕಾದ ರೈಲು ಹತ್ತು ನಿಮಿಷ ತಡವಾದರೆ ಕುವೆಂಪುನಗರದ ಕೊನೆಯ ಬಸ್ಸು ಅದಕ್ಕಾಗಿ ಹತ್ತು ನಿಮಿಷ ಕಾಯಬೇಕೆಂಬ ನಿಯಮವಿಲ್ಲ. ಚಾಲಕನೇ ದಯೆಯಿಂದ ನಿಲ್ಲಿಸಿಕೊಂಡರೆ ಸಮಯ ತಪ್ಪಿಸಿದ್ದಕ್ಕೆ ಡಿಪೋದಲ್ಲಿ ಉತ್ತರಿಸಬೇಕಾದವನು ಅವನೇ. ಕಿಲೋಮೀಟರಿಗೆ ಇಷ್ಟು ವರಮಾನ ಎಂಬ ಲೆಕ್ಕದಲ್ಲಿ ಮಾರ್ಗಗಳನ್ನು ಅಳೆಯುವ ಪದ್ಧತಿಯಲ್ಲಿ, ರೈಲಿಗಾಗಿ ಕಾದು ನಿಂತ ಬಸ್ಸಿನ ಉಪಯೋಗವನ್ನು ಬರೆದುಕೊಳ್ಳಲು ಒಂದು ಕಾಲಮ್ಮೂ ಇಲ್ಲ.

ಪರಿಸರದ ದೃಷ್ಟಿಯಿಂದ ಇದು ಚಿಕ್ಕ ವಿಷಯವಲ್ಲ. ಬೆಂಗಳೂರು–ಮೈಸೂರು ರೈಲುಮಾರ್ಗ ಈಗ ಪೂರ್ತಿ ಜೋಡಿಹಳಿಯಾಗಿದೆ, ವಿದ್ಯುದೀಕರಣವೂ ಆಗಿದೆ. (ಅದಕ್ಕೆ ದಾರಿ ಮಾಡಿಕೊಡಲು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು ಒಡೆಯದೆ, ಇಡಿಯಾಗಿ ಮೇಲೆತ್ತಿ 2017ರಲ್ಲಿ ಪಕ್ಕಕ್ಕೆ ಸರಿಸಿದ್ದನ್ನು ನೆನೆದರೆ, ಮನಸ್ಸು ಮಾಡಿದರೆ ನಮ್ಮ ಇಲಾಖೆಗಳು ಕೂಡಿ ಕೆಲಸ ಮಾಡಬಲ್ಲವು ಎಂಬ ನಂಬಿಕೆ ಹುಟ್ಟುತ್ತದೆ.) ಇಂಥ ಮಾರ್ಗವಿದ್ದೂ ಒಂದು ಕುಟುಂಬ ಕಾರಿನಲ್ಲೇ ಬೆಂಗಳೂರಿಗೆ ಹೊರಡುವುದಕ್ಕೆ ಎಷ್ಟೋ ಸಲ ಕಾರಣ ರೈಲಲ್ಲ, ರೈಲಿಳಿದ ಮೇಲಿನ ಎರಡು ಮೂರು ಕಿಲೋಮೀಟರಿನ ಅನುಮಾನ. ಆ ಅನುಮಾನವನ್ನು ನೀಗಿಸಿದರೆ ಉಳಿಯುವುದು ಎರಡು ಕಿಲೋಮೀಟರಿನ ಪೆಟ್ರೋಲ್ ಮಾತ್ರವಲ್ಲ, ಇಡೀ ನೂರನಲವತ್ತು ಕಿಲೋಮೀಟರಿನದು.

ಮಂಡ್ಯದಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಬಸರಾಳು, ಕೆರಗೋಡು, ದುದ್ದದ ಕಡೆಯಿಂದ ಬೆಂಗಳೂರಿನ ಕೆಲಸಕ್ಕೆ ಹೋಗುವವರಿಗೆ ಬೇಕಾಗಿರುವುದು ಬೆಳಗಿನ ರೈಲಿಗೆ ಸರಿಹೊಂದುವ ಒಂದು ಬಸ್ಸು. ಯಾವ ಊರಿನಲ್ಲಿ ಎಷ್ಟು ಜನ ಯಾವ ಹೊತ್ತಿಗೆ ಹತ್ತುತ್ತಾರೆ ಎಂದು ತಿಳಿಯಲು ಹೊಸ ಸಮೀಕ್ಷೆಯ ಅಗತ್ಯವಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಪ್ರತಿ ಮಹಿಳೆಗೂ ಕೊಡುತ್ತಿರುವ ಶೂನ್ಯ ದರದ ಟಿಕೆಟ್ಟಿನಲ್ಲಿ ಹತ್ತಿದ ಜಾಗವೂ ಇಳಿಯುವ ಜಾಗವೂ ದಾಖಲಾಗುತ್ತಿವೆ. ಇಷ್ಟು ದೊಡ್ಡ ಪ್ರಯಾಣದ ಮಾಹಿತಿ ಈ ರಾಜ್ಯದ ಕೈಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅದನ್ನು ಸರ್ಕಾರದಿಂದ ಹಣ ಮರಳಿ ಪಡೆಯುವ ಲೆಕ್ಕಕ್ಕಷ್ಟೇ ಬಳಸಿ, ವೇಳಾಪಟ್ಟಿ ತಿದ್ದುವುದಕ್ಕೆ ಬಳಸದಿದ್ದರೆ ಅದು ನಿಜಕ್ಕೂ ದುಂದು.

ಇನ್ನು ಹೆದ್ದಾರಿಯ ಮಾತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ದಶಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಸುರಕ್ಷತೆಗೆ ಅದು ಬೇಕಿತ್ತು, ನಂತರ ಬಂದ ಕ್ಯಾಮೆರಾಗಳೂ ಬೇಕಿದ್ದವು. ಆದರೆ ನಂಬರ್ ಪ್ಲೇಟ್ ಓದಿ ದಂಡದ ನೋಟಿಸ್ ಕಳಿಸುವಷ್ಟು ಜಾಣತನವನ್ನು ಮುಖ್ಯ ರಸ್ತೆಗೆ ಕೊಟ್ಟವರು, ಹಾಲು, ಮೇವು, ಕಬ್ಬು ಸಾಗುವ ಸರ್ವಿಸ್ ರಸ್ತೆಗೆ ಏನು ಕೊಟ್ಟರು ಎಂದು ಕೇಳಬೇಕಾಗಿದೆ.

ಸರಕಿನ ವಿಷಯಕ್ಕೆ ಬಂದರೆ ನನಗೆ ಮದ್ದೂರಿನ ಎಳನೀರು ಮಾರುಕಟ್ಟೆಗಿಂತ ಒಳ್ಳೆಯ ಉದಾಹರಣೆ ಕಾಣದು. ಅಲ್ಲಿಂದ ಮುಂಬೈ, ದೆಹಲಿಯವರೆಗೂ ಕಾಯಿ ಹೋಗುವುದು ಲಾರಿಯಲ್ಲಿ, ಮಾರುಕಟ್ಟೆಗೆ ಹತ್ತಿರದಲ್ಲೇ ರೈಲು ನಿಲ್ದಾಣವಿದ್ದರೂ ಸಹ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗಿನ ಎಳೆತವು ಡಾಂಬರಿನ ಮೇಲೆ ಟೈರು ಉರುಳುವಾಗಿನದಕ್ಕಿಂತ ಹಲವು ಪಟ್ಟು ಕಡಿಮೆಯಾದ್ದರಿಂದ, ಅಷ್ಟು ದೂರಕ್ಕೆ ರೈಲಿನಲ್ಲಿ ಖರ್ಚಾಗುವ ಇಂಧನವೂ ಕಡಿಮೆ. ಇದು ವ್ಯಾಪಾರಿಗಳಿಗೆ ತಿಳಿಯದ ಸಂಗತಿಯೇನಲ್ಲ. ಅವರ ಅಡಚಣೆ ಬೇರೆ: ರೈಲ್ವೆ ಮಾತನಾಡುವುದು ರೇಕಿನ, ಅಂದರೆ ಇಡೀ ಒಂದು ರೈಲಿನ ವ್ಯಾಗನ್‌ಗಳ ಲೆಕ್ಕದಲ್ಲಿ, ಮಂಡಿ ಮಾತನಾಡುವುದು ಲಾರಿ ಲೋಡಿನ ಲೆಕ್ಕದಲ್ಲಿ. ಕಂಟೇನರ್ ರೈಲೊಂದರಲ್ಲಿ ಸಾಮಾನ್ಯವಾಗಿ 45 ವ್ಯಾಗನ್‌ಗಳಿದ್ದು, ಇಪ್ಪತ್ತು ಅಡಿಯ 90 ಪೆಟ್ಟಿಗೆಗಳು ಹಿಡಿಯುತ್ತವೆ. ಒಬ್ಬ ವ್ಯಾಪಾರಿಯ ಬಳಿ ಅಷ್ಟು ಸರಕು ಎಂದೂ ಇರುವುದಿಲ್ಲ, ಇದ್ದರೂ ಎಳನೀರು ಅಷ್ಟು ದಿನ ಕಾಯುವುದಿಲ್ಲ.

ತಂತ್ರಜ್ಞಾನಕ್ಕೆ ನಿಜವಾದ ಕೆಲಸವಿರುವುದು ಇಲ್ಲಿಯೇ. ನಂಜನಗೂಡಿನ ಕಾರ್ಖಾನೆಯ ಹತ್ತು ಪೆಟ್ಟಿಗೆ, ಮೈಸೂರಿನ ಅಗರಬತ್ತಿಯವರ ಎರಡು, ಮದ್ದೂರಿನವರ ಇಪ್ಪತ್ತು, ಇಂಥವೇ ಇನ್ನಷ್ಟು, ಒಂದೇ ದಿಕ್ಕಿಗೆ ಒಂದೇ ವಾರ ಹೊರಡಲಿವೆ ಎಂದು ಮೊದಲೇ ತಿಳಿದರೆ ರೇಕು ತುಂಬುತ್ತದೆ. ಮೈಸೂರು–ನಂಜನಗೂಡು ನಡುವಿನ ಕಡಕೊಳದಲ್ಲಿ ಕಂಟೇನರ್ ಟರ್ಮಿನಲ್ ಇದೆ. ಮಾಹಿತಿಯೂ ಇದೆ, ಏಕೆಂದರೆ 2018ರಿಂದ ಜಿಎಸ್‌ಟಿಯ ಇ-ವೇ ಬಿಲ್ಲಿನಲ್ಲಿ ಸರಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದು ದಾಖಲಾಗುತ್ತಿದೆ, ಫಾಸ್ಟ್ಯಾಗ್ ದಾರಿಯುದ್ದಕ್ಕೂ ಲಾರಿಯ ಗುರುತು ಬಿಡುತ್ತದೆ. ತಾಜಾ ಹಣ್ಣು, ತರಕಾರಿಗಳಿಗೆ ಇ-ವೇ ಬಿಲ್ಲಿನ ವಿನಾಯಿತಿ ಇರುವುದರಿಂದ ಎಳನೀರಿನ ಲೆಕ್ಕವನ್ನು ಮಾತ್ರ ಮಾರುಕಟ್ಟೆ ಸಮಿತಿಯ ಪುಸ್ತಕದಿಂದಲೇ ತರಬೇಕಾದೀತು. ಒಟ್ಟಿನಲ್ಲಿ ತೆರಿಗೆಗೂ ಟೋಲಿಗೂ ಸಂಗ್ರಹಿಸಿದ ಮಾಹಿತಿಯನ್ನು, ಹೆಸರುಗಳನ್ನು ತೆಗೆದು, ಸರಕು ಕೂಡಿಸುವ ಕೆಲಸಕ್ಕೆ ಕೊಡಲು ಅಡ್ಡಿಯೇನು?

ಲಾರಿ ಮಾಲೀಕರು ಇದನ್ನು ಹೊಟ್ಟೆಯ ಮೇಲಿನ ಏಟು ಎಂದುಕೊಳ್ಳುವ ಸಾಧ್ಯತೆ ಇದೆ, ಅವರ ಆತಂಕ ಸುಳ್ಳೂ ಅಲ್ಲ. ಅವರಿಗೆ ಕೊಂಕಣ ರೈಲ್ವೆಯ ರೋ-ರೋ ಸೇವೆಯನ್ನು ತೋರಿಸಬೇಕು. 1999ರಿಂದ ಅಲ್ಲಿ ಸರಕು ತುಂಬಿದ ಲಾರಿಗಳನ್ನೇ ವ್ಯಾಗನ್ನಿನ ಮೇಲೆ ಹತ್ತಿಸಿ ಸಾಗಿಸುತ್ತಾರೆ. ನಮ್ಮ ಸುರತ್ಕಲ್ ಕೂಡ ಆ ದಾರಿಯಲ್ಲಿದೆ. ಘಾಟಿಯ ತಿರುವುಗಳಲ್ಲಿ ಡೀಸೆಲ್ ಸುಡದೆ, ಟೈರು ಸವೆಸದೆ ಲಾರಿಯು ತನ್ನ ಬಾಡಿಗೆಯನ್ನು ದುಡಿಯುತ್ತದೆ, ಚಾಲಕನಿಗೆ ನಿದ್ದೆಯೂ ಸಿಗುತ್ತದೆ. ಅದು ಶುರುವಾದಾಗ ಯಾರ ಜೇಬಿನಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ.

ನಮ್ಮ ಮಾರ್ಗಕ್ಕೆ ಅದೇ ಮಾದರಿ ಒಗ್ಗದೆ ಇರಬಹುದು. ಆದರೆ ತೋಟದಿಂದ ಕಡಕೊಳದವರೆಗೆ ಮತ್ತು ಆ ಕಡೆ ದೆಹಲಿಯ ನಿಲ್ದಾಣದಿಂದ ಮಂಡಿಯವರೆಗೆ ಲಾರಿ ಇದ್ದೇ ಇರಬೇಕು, ಹಾಗಾಗಿ ಮಾತುಕತೆಗೆ ಮೊದಲ ದಿನದಿಂದಲೇ ಅವರನ್ನು ಕೂರಿಸಿಕೊಳ್ಳಬೇಕು. ಎಳನೀರಿನ ಬೇಡಿಕೆ ಏರುವುದು ಬೇಸಿಗೆಯಲ್ಲಿ. ಅದಕ್ಕೆ ಮುಂಚೆ ಮದ್ದೂರಿನ ಮಾರುಕಟ್ಟೆ ಸಮಿತಿ, ಲಾರಿ ಮಾಲೀಕರು ಮತ್ತು ರೈಲ್ವೆಯ ಮೈಸೂರು, ಬೆಂಗಳೂರು ವಿಭಾಗಗಳ ಸರಕು ಅಧಿಕಾರಿಗಳು ಸೇರಿ, ಗಾಳಿಯಾಡುವ ಕೆಲವೇ ಪೆಟ್ಟಿಗೆಗಳಲ್ಲಿ ಒಂದು ಸುತ್ತು ಕಾಯಿ ಕಳಿಸಿ, ಎಷ್ಟು ಕೆಟ್ಟಿತು, ಎಷ್ಟು ದಿನ ಹಿಡಿಯಿತು, ಬಾಡಿಗೆ ಎಷ್ಟಾಯಿತು ಎಂಬುದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ.